ಕೃಷಿಹೊಂಡಕ್ಕೆ ಬೇಲಿ, ಬಾವಿಗೆ ಕಟ್ಟೆ: ಮನೆಮಂದಿ ಮತ್ತು ಜಾನುವಾರುಗಳ ರಕ್ಷಣೆ

ಮಳೆಯ ನೀರನ್ನು ವ್ಯರ್ಥವಾಗಿ ಹರಿದುಹೋಗಲು ಬಿಡದೆ ಜಮೀನಿನಲ್ಲಿಯೇ ಹಿಡಿದಿಡುವುದು ಖುಷ್ಕಿ ಬೇಸಾಯದ ಮೊದಲ ಪಾಠ. ಈ ಪಾಠವನ್ನು ನಮ್ಮ ರೈತರು ಚೆನ್ನಾಗಿ ಕಲಿತಿದ್ದಾರೆ. ಆದರೆ ನೀರು ಕೂಡಿಟ್ಟ ಜಾಗದಲ್ಲಿ ಅಪಾಯವೂ ಕೂಡಿರುತ್ತದೆ ಎಂಬ ಎರಡನೆಯ ಪಾಠ ಇನ್ನೂ ಎಲ್ಲರ ಮನಸ್ಸಿಗೆ ಇಳಿದಿಲ್ಲ. ಹೊಂಡ ತೋಡಿ, ಪ್ಲಾಸ್ಟಿಕ್ ಹೊದಿಕೆ ಹಾಸಿ, ನೀರು ತುಂಬಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಒಳಗೆ ಹೋಗುವ ದಾರಿಯನ್ನು ಮುಚ್ಚುವ ಬೇಲಿ, ಒಳಗೆ ಬಿದ್ದವರು ಹತ್ತಿ ಬರಲು ಒಂದು ದಾರಿ, ಇವೆರಡೂ ಆದ ಮೇಲೆಯೇ ಹೊಂಡ ಪೂರ್ಣವಾಯಿತೆಂದು ತಿಳಿಯಬೇಕು. ತೆರೆದ ಬಾವಿ, ನೆಲದೊಳಗಿನ ಸಂಪು, ತೋಟದ ಮನೆಯ ಈಜುಕೊಳ, ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಬೆಂಗಳೂರಿನ ಉತ್ತರಕ್ಕೆ ಯಲಹಂಕಕ್ಕೆ ಹೊಂದಿಕೊಂಡಿರುವ ಕೋಗಿಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹಿಂದೆ ಇಂತಹ ಊರುಗಳಲ್ಲಿ ನೀರೆಂದರೆ ಊರ ಕೆರೆ ಮತ್ತು ಕಪಿಲೆ ಹೂಡುತ್ತಿದ್ದ ತೆರೆದ ಬಾವಿ. ಅಂತರ್ಜಲ ಕೆಳಗಿಳಿದು ಕೊಳವೆ ಬಾವಿಗಳು ಬಂದ ಮೇಲೆ ತೆರೆದ ಬಾವಿಗಳು ಬತ್ತಿದವು, ಕೆಲವು ಮುಚ್ಚಿಹೋದವು. ಅವುಗಳೊಡನೆ ಮಕ್ಕಳು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು, ದೊಡ್ಡವರ ಕಣ್ಣೆದುರಿನಲ್ಲಿ ಈಜು ಕಲಿಯುತ್ತಿದ್ದ ರೂಢಿಯೂ ಮರೆಯಾಯಿತು. ಇಂದು ಕೋಗಿಲು ನಗರದೊಳಗೆ ಸೇರಿದೆ. ಮನೆಮನೆಗೆ ಸಂಪು ಇದೆ, ಹೊಸ ಬಡಾವಣೆಗಳಲ್ಲಿ ಈಜುಕೊಳಗಳಿವೆ, ಬೆಳ್ಳಹಳ್ಳಿಯ ಕಡೆ ಕಲ್ಲು ತೆಗೆದ ಹಳೆಯ ಗುಂಡಿಗಳಿವೆ. ಇಲ್ಲಿಂದ ಉತ್ತರಕ್ಕೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಹೊರಟರೆ ದ್ರಾಕ್ಷಿ, ಹೂವು, ತರಕಾರಿ ತೋಟಗಳಲ್ಲಿ ಕೃಷಿಹೊಂಡಗಳು ಕಾಣಸಿಗುತ್ತವೆ. ಅಂದರೆ ನೀರು ಮತ್ತೆ ಮನೆಯ ಬಳಿಗೆ ಬಂದಿದೆ. ಈಜು ಬಲ್ಲ ಮಕ್ಕಳು ಮಾತ್ರ ಕಡಿಮೆಯಾಗಿದ್ದಾರೆ. ಶಾಲೆಗೆ ರಜೆ ಬಂದಾಗ ಪಟ್ಟಣದ ಮಕ್ಕಳು ಅಜ್ಜಿಯ ಊರಿನ ತೋಟಕ್ಕೆ ಬರುತ್ತಾರೆ. ಹೊಂಡದ ಗುಣ ಅವರಿಗೆ ತಿಳಿಯದು. ಅಪಾಯಕ್ಕೆ ಇಷ್ಟೇ ಸಾಕು.

ಯಾರಿಗೆ ಅಪಾಯ? ಯಾವಾಗ?

ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಕಾಲುಭಾಗ 5 ವರ್ಷದೊಳಗಿನ ಮಕ್ಕಳು. ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ನೇ ಇಸವಿಯೊಂದರಲ್ಲೇ 38 ಸಾವಿರಕ್ಕೂ ಹೆಚ್ಚು ಜನ ಈ ರೀತಿ ಪ್ರಾಣ ಕಳೆದುಕೊಂಡಿದ್ದಾರೆ.

ವಯಸ್ಸಿಗೆ ತಕ್ಕಂತೆ ಅಪಾಯದ ಬಗೆ ಬೇರೆಯಾಗುತ್ತದೆ.

1ರಿಂದ 4 ವರ್ಷದ ಮಕ್ಕಳಿಗೆ ಆಳವಾದ ನೀರೇ ಬೇಕಿಲ್ಲ. ಈ ವಯಸ್ಸಿನಲ್ಲಿ ತಲೆಯ ಭಾರ ಹೆಚ್ಚು, ತೋಳಿನ ಬಲ ಕಡಿಮೆ. ಬಕೆಟ್ಟಿನೊಳಕ್ಕೆ ಬಗ್ಗಿದ ಮಗು ತಲೆಕೆಳಗಾಗಿ ಬಿದ್ದರೆ ಮತ್ತೆ ಮೇಲೇಳಲಾರದು. ಮೂಗು ಬಾಯಿ ಮುಳುಗುವಷ್ಟು, ಎಂದರೆ ಎರಡು ಅಂಗುಲ ನೀರಿದ್ದರೂ ಸಾಕು. ಈ ವಯಸ್ಸಿನವರಿಗೆ ಬಚ್ಚಲಿನ ತೊಟ್ಟಿ, ಸಂಪಿನ ತೆರೆದ ಬಾಯಿ, ದನದ ಬಾನಿ ಇವೇ ಅಪಾಯದ ಸ್ಥಳಗಳು.

5ರಿಂದ 9 ವರ್ಷದವರು ಆಟದ ಭರದಲ್ಲಿ ಬೀಳುತ್ತಾರೆ. ಚೆಂಡು ಹೊಂಡಕ್ಕೆ ಉರುಳಿತೆಂದು, ಮೀನು ಕಂಡಿತೆಂದು, ಕೈಕಾಲು ತೊಳೆಯಬೇಕೆಂದು ಅಂಚಿಗೆ ಇಳಿಯುತ್ತಾರೆ.

10 ವರ್ಷ ಮೀರಿದವರು, ಅದರಲ್ಲೂ ಹುಡುಗರು, ಗೆಳೆಯರ ಜೊತೆ ಈಜುವ ಆಸೆಯಿಂದ ತಾವಾಗಿಯೇ ನೀರಿಗಿಳಿಯುತ್ತಾರೆ. ಒಬ್ಬ ಮುಳುಗತೊಡಗಿದರೆ ಅವನನ್ನು ಹಿಡಿಯಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿಯುತ್ತಾನೆ. ಒಂದೇ ಹೊಂಡದಲ್ಲಿ ಅಣ್ಣತಮ್ಮಂದಿರು, ತಂದೆಮಕ್ಕಳು ಒಟ್ಟಿಗೆ ಹೋಗುವ ದುರಂತಗಳಿಗೆ ಇದೇ ಕಾರಣ.

ಕಾಲವೂ ಮುಖ್ಯ. ಬೆಂಗಳೂರಿನ ಸುತ್ತಮುತ್ತ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಹೊಂಡಗಳು ಕಂಠಪೂರ್ತಿ ತುಂಬುವುದೂ, ಮಕ್ಕಳಿಗೆ ದಸರಾ ರಜೆ ಸಿಗುವುದೂ ಒಂದೇ ಸಮಯದಲ್ಲಿ. ಎರಡನೆಯದು ಏಪ್ರಿಲ್-ಮೇ ತಿಂಗಳ ಬೇಸಿಗೆ ರಜೆ. ಸೆಕೆ ತಾಳಲಾರದೆ ಮಕ್ಕಳು ನೀರನ್ನು ಹುಡುಕಿಕೊಂಡು ಹೋಗುತ್ತಾರೆ. ಈ ಎರಡು ಕಾಲಗಳಿಗೆ ಮುಂಚೆ, ಆಗಸ್ಟ್ ಮತ್ತು ಮಾರ್ಚ್ ತಿಂಗಳುಗಳಲ್ಲಿ, ಬೇಲಿ ಮತ್ತು ಹಗ್ಗಗಳನ್ನು ಪರೀಕ್ಷಿಸಿ ದುರಸ್ತಿ ಮಾಡಿಡುವುದು ಉತ್ತಮ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಮುಳುಗುವವರು ಕೂಗಿ ಕರೆಯುತ್ತಾರೆ, ಕೈ ಬೀಸುತ್ತಾರೆ ಎಂದು ನಾವು ತಿಳಿದಿರುತ್ತೇವೆ. ವಾಸ್ತವವಾಗಿ ಉಸಿರಿಗಾಗಿ ಹೆಣಗುವವರಿಗೆ ಕೂಗಲು ಉಸಿರೇ ಇರುವುದಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಕಳೆ ಕೀಳುತ್ತಿದ್ದವರಿಗೂ ಸದ್ದು ಕೇಳಿಸದಿರಬಹುದು. ಆದ್ದರಿಂದ "ಏನಾದರೂ ಆದರೆ ಕೂಗುತ್ತಾರೆ" ಎಂಬ ನಂಬಿಕೆ ಸಲ್ಲದು.

ಕೃಷಿಹೊಂಡದಿಂದ ಹತ್ತಿ ಬರುವುದು ಏಕೆ ಕಷ್ಟ?

ಕಲ್ಲು ಕಟ್ಟಿದ ಹಳೆಯ ಬಾವಿಯಲ್ಲಿ ಮೆಟ್ಟಿಲಿರುತ್ತಿತ್ತು. ಇಲ್ಲದಿದ್ದರೆ ಕೈ ಹಿಡಿಯಲು ಕಲ್ಲಿನ ಸಂದಾದರೂ ಸಿಗುತ್ತಿತ್ತು. ಕೆರೆಯ ದಡ ನಿಧಾನವಾಗಿ ಇಳಿಜಾರಾಗಿರುತ್ತಿತ್ತು. ಕೃಷಿಹೊಂಡದಲ್ಲಿ ಇವು ಯಾವುವೂ ಇಲ್ಲ.

ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ತೆಗೆದ ಹೊಂಡಗಳ ಆಳ ಸಾಮಾನ್ಯವಾಗಿ 3 ಮೀಟರ್. ಉದ್ದ ಅಗಲಗಳು 10, 12, 15 ಮೀ. ಹೀಗೆ ಬೇರೆ ಬೇರೆ ಅಳತೆಯವು. 12 ಮೀ. ಉದ್ದ, 12 ಮೀ. ಅಗಲ, 3 ಮೀ. ಆಳ, ಒಂದಕ್ಕೊಂದು ಇಳಿಜಾರಿನ ಹೊಂಡವನ್ನು ಲೆಕ್ಕ ಹಾಕಿ ನೋಡೋಣ. ತಳ 6 ಮೀ. ಉದ್ದ, 6 ಮೀ. ಅಗಲ ಇರುತ್ತದೆ. ತುಂಬಿದಾಗ ಸುಮಾರು 2 ಲಕ್ಷ 52 ಸಾವಿರ ಲೀಟರ್ ನೀರು ಹಿಡಿಯುತ್ತದೆ. ಮೇಲಂಚಿನಿಂದ ತಳದವರೆಗೆ ಇಳಿಜಾರಿನ ಉದ್ದ 4.2 ಮೀ., ಎಂದರೆ ಸುಮಾರು 14 ಅಡಿ. ನೀರು ಅರ್ಧಕ್ಕೆ ಇಳಿದಾಗ ಬಿದ್ದವರು ಮೇಲೆ ಬರಬೇಕಾದರೆ 7 ಅಡಿ ಪ್ಲಾಸ್ಟಿಕ್ ಹಾಳೆಯನ್ನು ಹತ್ತಬೇಕು. ಒದ್ದೆಯಾದ, ಪಾಚಿ ಕಟ್ಟಿದ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ, ಕೈಗೆ ಹಿಡಿತ ಸಿಗುವುದಿಲ್ಲ. ಒಂದು ಹೆಜ್ಜೆ ಇಟ್ಟರೆ ಎರಡು ಹೆಜ್ಜೆ ಜಾರುತ್ತದೆ. ಈಜು ಬಲ್ಲವರೂ ಕೃಷಿಹೊಂಡದಲ್ಲಿ ಸೋಲುವುದು ಇದೇ ಕಾರಣದಿಂದ. ಅವರು ತೇಲಬಲ್ಲರು, ಹತ್ತಲಾರರು. ಕೊನೆಗೆ ದಣಿದು ಮುಳುಗುತ್ತಾರೆ. ನೀರು ಕಡಿಮೆಯಿರುವ ಹೊಂಡ ಅಪಾಯವಲ್ಲ ಎಂದು ತಿಳಿಯಬಾರದು. ನೀರು ಇಳಿದಷ್ಟೂ ಹತ್ತಬೇಕಾದ ಹಾಳೆಯ ಉದ್ದ ಹೆಚ್ಚಾಗುತ್ತದೆ.

ಬೇಲಿ ಹೇಗಿರಬೇಕು?

ಹೊಂಡದ ನಾಲ್ಕೂ ಕಡೆ ಪೂರ್ತಿಯಾಗಿ ಬೇಲಿ ಇರಬೇಕು. ಮೂರು ಕಡೆ ಬೇಲಿ ಹಾಕಿ, ನಾಲ್ಕನೆಯ ಕಡೆ ಪಂಪು ಮನೆ ಇದೆಯೆಂದು ತೆರೆದು ಬಿಟ್ಟರೆ ಬೇಲಿಗೆ ಖರ್ಚು ಮಾಡಿದ ಹಣ ವ್ಯರ್ಥ. ಮಕ್ಕಳು ಬರುವುದು ಆ ಕಡೆಯಿಂದಲೇ.

1. ದೂರ: ಹೊಂಡದ ಅಂಚಿನಿಂದ ಸುಮಾರು 2 ಮೀ. ಬಿಟ್ಟು ಬೇಲಿ ನಿಲ್ಲಿಸಬೇಕು. ಬದುವಿನ ಮಣ್ಣು ಕುಸಿದರೂ ಕಂಬ ನಿಲ್ಲುತ್ತದೆ, ಹಾಳೆ ದುರಸ್ತಿ ಮಾಡುವವರಿಗೆ ಓಡಾಡಲು ಜಾಗವೂ ಸಿಗುತ್ತದೆ.

2. ಎತ್ತರ: ಕನಿಷ್ಠ 4 ಅಡಿ, ಸಾಧ್ಯವಾದರೆ 5 ಅಡಿ ಇರಲಿ.

3. ಜಾಲರಿ: ಬರಿಯ ಮುಳ್ಳುತಂತಿಯ ಮೂರು ನಾಲ್ಕು ಎಳೆ ದನವನ್ನು ತಡೆಯಬಹುದು, ಮಗುವನ್ನು ತಡೆಯಲಾರದು, ಮಗು ಎಳೆಗಳ ನಡುವೆ ನುಸುಳುತ್ತದೆ. ತಂತಿಯ ಜಾಲರಿ, ಎಂದರೆ ಚೈನ್‌ಲಿಂಕ್ ಉತ್ತಮ. ಪೂರ್ತಿ ಜಾಲರಿಗೆ ಹಣ ಸಾಲದಿದ್ದರೆ ಕೆಳಗಿನ 3 ಅಡಿಗೆ ಜಾಲರಿ, ಅದರ ಮೇಲೆ ಎರಡು ಎಳೆ ತಂತಿ ಹಾಕಬಹುದು. ನೆಲಕ್ಕೂ ಜಾಲರಿಗೂ ನಡುವೆ 4 ಅಂಗುಲಕ್ಕಿಂತ ಹೆಚ್ಚು ಸಂದು ಇರಬಾರದು.

4. ಕಂಬ: 12 ಮೀ. ಹೊಂಡದ ಸುತ್ತ 2 ಮೀ. ಬಿಟ್ಟು ಬೇಲಿ ಹಾಕಿದರೆ ಸುತ್ತಳತೆ 64 ಮೀ. ಆಗುತ್ತದೆ. 2 ಮೀಟರಿಗೆ ಒಂದರಂತೆ 32 ಕಂಬ ಬೇಕು. ಕಲ್ಲುಕಂಬ ಸಿಗುವ ಕಡೆ ಅದೇ ಒಳ್ಳೆಯದು.

5. ಬಾಗಿಲು: ಬೇಲಿಗೆ ಒಂದೇ ಬಾಗಿಲು ಇರಲಿ. ಅದು ಹೊರಕ್ಕೆ ತೆರೆಯುವಂತೆ, ಕೈ ಬಿಟ್ಟೊಡನೆ ತಾನಾಗಿ ಮುಚ್ಚಿಕೊಳ್ಳುವಂತೆ ಇರಬೇಕು. ಸ್ಪ್ರಿಂಗ್ ಇಲ್ಲದಿದ್ದರೆ ಹಗ್ಗಕ್ಕೆ ಕಲ್ಲು ಕಟ್ಟಿ ಎಳೆಯುವಂತೆ ಮಾಡಿದರೂ ನಡೆಯುತ್ತದೆ. ಚಿಲಕ 5 ಅಡಿ ಎತ್ತರದಲ್ಲಿರಲಿ. ಬೀಗದ ಕೈ ಮನೆಯಲ್ಲಿ ಒಬ್ಬರ ಜವಾಬ್ದಾರಿಯಾಗಿರಲಿ.

6. ಏರಲು ಆಸರೆ: ಬೇಲಿಯ ಹೊರಗೆ ಕಲ್ಲಿನ ರಾಶಿ, ಪೈಪಿನ ಕಟ್ಟು, ಕ್ರೇಟು ಇಡಬಾರದು. ಮಕ್ಕಳಿಗೆ ಅದೇ ಏಣಿಯಾಗುತ್ತದೆ.

ಜೀವಂತ ಬೇಲಿಯೂ ಉಪಯುಕ್ತ. ತಂತಿ ಬೇಲಿಯ ಹೊರಬದಿಗೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯವನ್ನು ಒತ್ತಾಗಿ ನೆಟ್ಟರೆ ಬೇಲಿ ಗಟ್ಟಿಯಾಗುವುದಲ್ಲದೆ ಹಸಿರೆಲೆ ಗೊಬ್ಬರವೂ ದೊರೆಯುತ್ತದೆ. ಆದರೆ ಗಿಡ ಬೆಳೆದು ಒತ್ತಾಗುವವರೆಗೆ ಅದೊಂದನ್ನೇ ನಂಬಬಾರದು. ಬೇರು ಹಾಳೆಯನ್ನು ತೂತು ಮಾಡದಂತೆ ಹೊಂಡದಿಂದ ದೂರ ನೆಡಬೇಕು.

2023-24ರಲ್ಲಿ ಮತ್ತೆ ಜಾರಿಗೆ ಬಂದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಯನ್ನೂ ಒಂದು ಅಂಗವಾಗಿ ಸೇರಿಸಲಾಗಿದೆ. ಸಹಾಯಧನದ ಪ್ರಮಾಣ ಮತ್ತು ನಿಯಮಗಳು ಆಗಾಗ ಬದಲಾಗುವುದರಿಂದ ಹೊಂಡ ತೆಗೆಸುವ ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಬೇಲಿಯನ್ನೂ ಅಂದಾಜಿನಲ್ಲಿ ಸೇರಿಸಿಕೊಳ್ಳುವುದು ಜಾಣತನ. ಹಳೆಯ ಹೊಂಡಗಳಿಗೆ ಬೇಲಿ ಇಲ್ಲದಿದ್ದರೆ ಈಗಲಾದರೂ ಹಾಕಬೇಕು.

ಹತ್ತಿ ಬರುವ ದಾರಿ

ಬೇಲಿ ಎಷ್ಟೇ ಭದ್ರವಾಗಿದ್ದರೂ ಪಂಪು ನೋಡಲು ಹೋದ ಮನೆಯ ಯಜಮಾನರೇ ಕಾಲು ಜಾರಿ ಬೀಳಬಹುದು. ಆದ್ದರಿಂದ ಪ್ರತಿ ಹೊಂಡದಲ್ಲಿಯೂ ಹತ್ತಲು ಆಸರೆ ಇರಲೇಬೇಕು. ಇದಕ್ಕೆ ತಗಲುವ ಖರ್ಚು ಬೇಲಿಯ ಖರ್ಚಿನಲ್ಲಿ ಒಂದು ಸಣ್ಣ ಭಾಗ ಮಾತ್ರ.

ಗಂಟಿನ ಹಗ್ಗ: ಹೆಬ್ಬೆರಳು ಗಾತ್ರದ ನೈಲಾನ್ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ಒಂದು ತುದಿಯನ್ನು ಬದುವಿನ ಮೇಲೆ ನೆಟ್ಟ ಕಲ್ಲುಕಂಬಕ್ಕೆ ಬಿಗಿದು, ಇನ್ನೊಂದು ತುದಿ ಹೊಂಡದ ತಳ ಮುಟ್ಟುವಂತೆ ಇಳಿಬಿಡಬೇಕು. ನಾಲ್ಕು ಬದಿಗೂ ಒಂದೊಂದು ಇರಲಿ. ಮೇಲೆ ಹೇಳಿದ ಅಳತೆಯ ಹೊಂಡಕ್ಕೆ ಬದಿಗೆ 7 ಮೀಟರಿನಂತೆ 28 ಮೀ. ಹಗ್ಗ ಬೇಕು, ಗಂಟುಗಳಿಗೆಂದು ಇನ್ನೂ ಕೆಲವು ಮೀಟರ್ ಸೇರಿಸಿಕೊಳ್ಳಿ. ಬಿಸಿಲಿಗೆ ನೈಲಾನ್ ಸವೆಯುವುದರಿಂದ ವರ್ಷಕ್ಕೊಮ್ಮೆ ಜಗ್ಗಿ ಪರೀಕ್ಷಿಸಿ, ಎಳೆ ಬಿಟ್ಟಿದ್ದರೆ ಬದಲಾಯಿಸಬೇಕು.

ಟೈರಿನ ಏಣಿ: ಸ್ಕೂಟರ್ ಅಥವಾ ಮೋಟಾರ್ ಸೈಕಲ್ಲಿನ ಹಳೆಯ ಟೈರುಗಳನ್ನು ಒಂದರ ಕೆಳಗೊಂದು ಕಟ್ಟಿ ಇಳಿಜಾರಿನ ಮೇಲೆ ಮಲಗಿಸಿದರೆ ಒಳ್ಳೆಯ ಏಣಿಯಾಗುತ್ತದೆ. ತಂತಿ ಹೊರಚಾಚಿದ ಟೈರು ಹಾಳೆಯನ್ನು ಹರಿಯುವುದರಿಂದ ಅಂಥವನ್ನು ಬಳಸಬಾರದು.

ತೇಲುವ ಆಸರೆ: ಗಾಳಿ ತುಂಬಿದ ಟ್ಯೂಬನ್ನು, ಇಲ್ಲವೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎರಡನ್ನು 10 ಮೀ. ಹಗ್ಗಕ್ಕೆ ಕಟ್ಟಿ ಬೇಲಿಯ ಕಂಬಕ್ಕೆ ತೂಗುಹಾಕಬೇಕು. ಪಕ್ಕದಲ್ಲಿ 12ರಿಂದ 15 ಅಡಿ ಉದ್ದದ ಒಂದು ಬಿದಿರಿನ ಗಳವೂ ಇರಲಿ. ಕ್ರಿಮಿನಾಶಕ ತುಂಬಿದ್ದ ಕ್ಯಾನುಗಳನ್ನು ಇದಕ್ಕೆ ಉಪಯೋಗಿಸಕೂಡದು. ಈ ಹಗ್ಗ ಮತ್ತು ಗಳವನ್ನು ಬೇರೆ ಕೆಲಸಕ್ಕೆ ಒಯ್ಯಬಾರದೆಂದು ಆಳುಕಾಳುಗಳಿಗೂ ತಿಳಿಸಿ ಹೇಳಬೇಕು.

ತೆರೆದ ಬಾವಿ, ಸಂಪು ಮತ್ತು ತೊಟ್ಟಿ

ಬತ್ತಿದ ಬಾವಿಗೆ ಮಳೆಗಾಲದಲ್ಲಿ ಮತ್ತೆ ನೀರು ಬರಬಹುದು. ನೆಲಮಟ್ಟದಲ್ಲಿರುವ, ಸುತ್ತ ಪೊದೆ ಬೆಳೆದ ಬಾವಿ ಕಣ್ಣಿಗೇ ಕಾಣುವುದಿಲ್ಲ. ಉಪಯೋಗದಲ್ಲಿರುವ ಬಾವಿಗೆ 3ರಿಂದ 4 ಅಡಿ ಎತ್ತರದ ಕಟ್ಟೆ ಕಟ್ಟಿ, ಮೇಲೆ ಕಬ್ಬಿಣದ ಜಾಲರಿ ಮುಚ್ಚಬೇಕು. ಉಪಯೋಗವಿಲ್ಲದ ಬಾವಿಯನ್ನು ಮಳೆನೀರು ಇಂಗಿಸಲು ಬಳಸಿಕೊಂಡರೂ ಕಟ್ಟೆ, ಜಾಲರಿಗಳು ತಪ್ಪುವಂತಿಲ್ಲ. ಏನೂ ಬೇಡವೆಂದಾದರೆ ಮಣ್ಣಿನಿಂದ ಪೂರ್ತಿ ಮುಚ್ಚಬೇಕು.

ಕೋಗಿಲಿನಂತಹ ಊರುಗಳಲ್ಲಿ ಕೃಷಿಹೊಂಡಕ್ಕಿಂತ ಸಂಪೇ ಮನೆಗೆ ಹತ್ತಿರದ ಅಪಾಯ. ಟ್ಯಾಂಕರ್ ನೀರು ಬಿಡುವಾಗ ಸಂಪಿನ ಮುಚ್ಚಳ ತೆಗೆದು, ಪೈಪು ಇಳಿಬಿಟ್ಟು, ದೊಡ್ಡವರು ಒಳಗೆ ಹೋಗುತ್ತಾರೆ. ಆ ಕೆಲವು ನಿಮಿಷಗಳೇ ಅಪಾಯದ ಸಮಯ. ಪೈಪು ತೂರುವಷ್ಟೇ ಸಣ್ಣ ಕಿಂಡಿಯುಳ್ಳ ಕಬ್ಬಿಣದ ಮುಚ್ಚಳವನ್ನು ಮಾಡಿಸಿ ಬೀಗ ಹಾಕಿದರೆ, ನೀರು ತುಂಬಲು ಮುಚ್ಚಳವನ್ನೇ ತೆಗೆಯಬೇಕಾಗುವುದಿಲ್ಲ. ಕಟ್ಟಡದ ಕೆಲಸ ನಡೆಯುವ ಕಡೆ ಕೂಲಿಕಾರರ ಮಕ್ಕಳು ಆಡುತ್ತಿರುತ್ತಾರೆ. ಅಲ್ಲಿ ಗೋಡೆ ನೆನೆಸಲು ನೀರು ತುಂಬಿದ ಸಂಪಿಗೆ ಮೊದಲ ದಿನದಿಂದಲೇ ಮುಚ್ಚಳ ಇರಬೇಕು. ಅದು ಮನೆ ಕಟ್ಟಿಸುವವರ ಹೊಣೆ.

ಬಾವಿ ಅಥವಾ ಸಂಪನ್ನು ಶುಚಿ ಮಾಡಲು ಒಳಗಿಳಿಯುವವರಿಗೆ ಗಾಳಿಯ ಅಪಾಯವೂ ಉಂಟು. ಬಹಳ ದಿನ ಮುಚ್ಚಿದ್ದ ಜಾಗದಲ್ಲಿ ಉಸಿರಾಡಲು ಯೋಗ್ಯವಾದ ಗಾಳಿ ಇರುವುದಿಲ್ಲ. ಬಾವಿಯೊಳಗೆ ಡೀಸೆಲ್ ಎಂಜಿನ್ ಇಳಿಸಿ ನಡೆಸಿದರೆ ಅದರ ಹೊಗೆಯಲ್ಲಿರುವ ವಿಷಾನಿಲದಿಂದಲೇ ಪ್ರಾಣ ಹೋಗಬಹುದು. ಆದಷ್ಟು ಹೊರಗಿನಿಂದಲೇ ಶುಚಿ ಮಾಡಿಸಬೇಕು. ಒಳಗಿಳಿದವರು ಪ್ರಜ್ಞೆ ತಪ್ಪಿದರೆ ಅವರ ಹಿಂದೆ ಇನ್ನೊಬ್ಬರು ಇಳಿಯದೆ ಅಗ್ನಿಶಾಮಕ ದಳವನ್ನು ಕರೆಸಬೇಕು.

ನೀರಿನ ಬಳಿಯ ಮೋಟಾರು, ದೀಪ, ತಂತಿಗಳಿಗೆ ಸರಿಯಾದ ಅರ್ತಿಂಗ್ ಮಾಡಿಸಿ, 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಸ್ವಿಚ್ಚನ್ನು ಅಳವಡಿಸಬೇಕು. ಮೋಟಾರು ಓಡುತ್ತಿರುವಾಗ ಯಾರೂ ನೀರಿಗೆ ಕೈ ಹಾಕಬಾರದು.

ತೋಟದ ಮನೆಯ ಈಜುಕೊಳ

ಯಲಹಂಕದ ಆಸುಪಾಸಿನಲ್ಲಿ ತೋಟದ ಮನೆಗಳಿಗೂ ವಿಲ್ಲಾಗಳಿಗೂ ಈಜುಕೊಳ ಕಟ್ಟಿಸುವುದು ಹೆಚ್ಚಿದೆ. ಅಂತಹ ಮನೆಗಳಲ್ಲಿ ತೋಟ ನೋಡಿಕೊಳ್ಳುವ ಕುಟುಂಬದ ಮಕ್ಕಳೂ ಇರುತ್ತಾರೆ. ಕಾಂಪೌಂಡ್ ಗೋಡೆ ಇದೆಯಲ್ಲ, ಬೇಲಿ ಏಕೆ ಎಂದು ಕೆಲವರು ಕೇಳುತ್ತಾರೆ. ಕಾಂಪೌಂಡು ಹೊರಗಿನವರನ್ನು ತಡೆಯುತ್ತದೆ. ಹಿತ್ತಲ ಬಾಗಿಲಿನಿಂದ ಅಂಬೆಗಾಲಿಟ್ಟು ಬರುವ ಮಗುವನ್ನು ತಡೆಯುವುದಿಲ್ಲ. ಮನೆಗೂ ಕೊಳಕ್ಕೂ ನಡುವೆ ಬೇಲಿ ಇರಬೇಕು. ಮನೆಯ ಬದಿಯನ್ನು ತೆರೆದು ಬಿಟ್ಟ ಮೂರು ಬದಿಯ ಬೇಲಿಗಿಂತ ಕೊಳವನ್ನು ನಾಲ್ಕೂ ಕಡೆ ಸುತ್ತುವರಿದ ಬೇಲಿಯಿಂದ ಮಕ್ಕಳು ಮುಳುಗುವ ಸಂಭವ ಐದರಲ್ಲಿ ನಾಲ್ಕು ಪಾಲು ಕಡಿಮೆಯಾಗುತ್ತದೆ ಎಂದು ವಿದೇಶಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ.

ಕೊಳದ ತಳದಲ್ಲಿ ನೀರು ಸೆಳೆಯುವ ಕಿಂಡಿಯ ಮುಚ್ಚಳ ಒಡೆದಿದ್ದರೆ ಕೂದಲು ಅಥವಾ ಬಟ್ಟೆ ಸಿಕ್ಕಿಕೊಳ್ಳಬಹುದು. ಅದನ್ನು ಸರಿಪಡಿಸುವವರೆಗೆ ಯಾರೂ ಇಳಿಯಬಾರದು. ಆಟ ಮುಗಿದ ಮೇಲೆ ಚೆಂಡು, ಗೊಂಬೆಗಳನ್ನು ನೀರಿನಲ್ಲಿ ಬಿಡಬಾರದು, ಅವು ಮಗುವನ್ನು ಮತ್ತೆ ಕರೆಯುತ್ತವೆ. ನೀರು ಶುದ್ಧಿ ಮಾಡುವ ಕ್ಲೋರಿನ್ ಪುಡಿಯನ್ನು ಒಣ ಜಾಗದಲ್ಲಿ, ಬೀಗದೊಳಗೆ ಇಡಬೇಕು. ಯೂರಿಯಾ, ಡೀಸೆಲ್, ಎಣ್ಣೆ ಅಥವಾ ಆಮ್ಲದ ಪಕ್ಕದಲ್ಲಿ ಇಡಕೂಡದು. ಆಮ್ಲದೊಡನೆ ಬೆರೆತರೆ ವಿಷಾನಿಲ ಏಳುತ್ತದೆ, ಎಣ್ಣೆ ತಾಗಿದರೆ ಬೆಂಕಿ ಹತ್ತಬಹುದು.

ದನಕರು, ಕುರಿ ಮತ್ತು ನಾಯಿ

ಮೇವು ಮೇಯುತ್ತಾ ಬಂದ ಹಸು ನೀರಿನ ವಾಸನೆಗೆ ಹೊಂಡದ ಅಂಚಿಗೆ ಬರುತ್ತದೆ. ಗೊರಸು ಹಾಳೆಯ ಮೇಲೆ ಬಿದ್ದೊಡನೆ ಜಾರುತ್ತದೆ, ಹಾಳೆಯೂ ಹರಿಯುತ್ತದೆ. ಎಮ್ಮೆ, ಹಸು, ನಾಯಿಗಳೆಲ್ಲ ಈಜಬಲ್ಲವು. ಆದರೆ ಮನುಷ್ಯರಂತೆಯೇ ಅವು ಕೂಡ ಹತ್ತಲಾರದೆ ದಣಿಯುತ್ತವೆ. ಇದಕ್ಕೆ ಕೆಳಗಿನ ಉಪಾಯಗಳನ್ನು ಅನುಸರಿಸಬಹುದು.

ಬೇಲಿಯ ಹೊರಗೆ ಒಂದು ನೀರಿನ ತೊಟ್ಟಿ ಕಟ್ಟಿಸಿ, ಪಂಪಿನಿಂದ ಅದಕ್ಕೆ ನೀರು ಬಿಡಬೇಕು. ಬಾಯಾರಿಕೆ ಅಲ್ಲಿಯೇ ತೀರಿದರೆ ದನಗಳು ಹೊಂಡದ ಗೊಡವೆಗೆ ಹೋಗುವುದಿಲ್ಲ. ತೊಟ್ಟಿ ದನಗಳಿಗೆ ಎಟುಕಬೇಕು, ಪುಟ್ಟ ಮಕ್ಕಳಿಗೆ ಎಟುಕಬಾರದು. ಎರಡೂವರೆ ಅಡಿ ಎತ್ತರ ಸಾಕು.

ತೋಟ ಕಾಯುವ ನಾಯಿಗೆ, ಬೆಕ್ಕಿಗೆ, ಕುರಿಮರಿಗೆ ಹಗ್ಗ ಹಿಡಿಯಲು ಕೈಯಿಲ್ಲ. ಒಂದು ಮೂಲೆಯಲ್ಲಿ ತೆಂಗಿನ ನಾರಿನ ಚಾಪೆಯನ್ನು ಅಂಚಿನಿಂದ ನೀರಿನೊಳಕ್ಕೆ ಇಳಿಬಿಟ್ಟರೆ ಅವುಗಳ ಉಗುರಿಗೆ ಹಿಡಿತ ಸಿಗುತ್ತದೆ. ಅಡ್ಡಪಟ್ಟಿ ಹೊಡೆದ ಹಲಗೆಯೂ ಆದೀತು. ಈಜುಕೊಳದಲ್ಲಾದರೆ ಮೆಟ್ಟಿಲಿರುವ ಕಡೆಯಿಂದ ಹತ್ತುವುದನ್ನು ನಾಯಿಗೆ ನಾಲ್ಕಾರು ಬಾರಿ ರೂಢಿ ಮಾಡಿಸಬೇಕು. ಮೆಟ್ಟಿಲು ಎಲ್ಲಿದೆಯೆಂದು ತಿಳಿಯದ ನಾಯಿ ಬಿದ್ದ ಕಡೆಯ ಗೋಡೆಯನ್ನೇ ಕೆರೆಯುತ್ತಾ ಸೋಲುತ್ತದೆ.

ಬೇಸಿಗೆಯಲ್ಲಿ ನಿಂತ ನೀರಿನ ಮೇಲೆ ನೀಲಿ-ಹಸಿರು ಪಾಚಿ ಬಣ್ಣ ಚೆಲ್ಲಿದಂತೆ ಹರಡಿದ್ದರೆ ಆ ನೀರನ್ನು ದನಕ್ಕೂ ನಾಯಿಗೂ ಕುಡಿಸಬಾರದು. ಕೆಲವು ಬಗೆಯ ನೀಲಿ-ಹಸಿರು ಪಾಚಿಯಲ್ಲಿ ಜಾನುವಾರುಗಳನ್ನು ಕೊಲ್ಲುವಷ್ಟು ವಿಷವಿರುತ್ತದೆ.

ದೊಡ್ಡ ಪ್ರಾಣಿ ಬಿದ್ದಾಗ ಕುತ್ತಿಗೆಗೆ ಹಗ್ಗ ಹಾಕಿ ಎಳೆಯಬಾರದು. ತಲೆ ಮುಳುಗದಂತೆ ಹಗ್ಗದಿಂದ ಆಧಾರ ಕೊಟ್ಟು, ಅಗಲವಾದ ಪಟ್ಟಿಯನ್ನು ಎದೆ ಮತ್ತು ಹೊಟ್ಟೆಯ ಕೆಳಗೆ ಹಾಯಿಸಿ ಎತ್ತಬೇಕು. ಅಗ್ನಿಶಾಮಕ ದಳದವರ ನೆರವು ಪಡೆಯಬೇಕು. ಹೊರಬಂದ ಪ್ರಾಣಿಯನ್ನು ಪಶುವೈದ್ಯರಿಗೆ ತೋರಿಸಬೇಕು.

"ಹೋಗಬೇಡ ಎಂದು ಹೇಳಿದ್ದೇವೆ, ಸಾಲದೇ?"

ಸಾಲದು. ಎರಡು ವರ್ಷದ ಮಗುವಿಗೆ ಮಾತು ನೆನಪಿರುವುದಿಲ್ಲ. ಹನ್ನೆರಡು ವರ್ಷದವನಿಗೆ ನೆನಪಿದ್ದರೂ ಗೆಳೆಯರೆದುರು ನಿಲ್ಲುವುದಿಲ್ಲ. ತಾಯಂದಿರು ಕಳೆ ಕೀಳುವ, ಹೂ ಬಿಡಿಸುವ, ಅಡುಗೆ ಮಾಡುವ ಬೆಳಗಿನ ಹೊತ್ತಿನಲ್ಲೇ ಪುಟ್ಟ ಮಕ್ಕಳು ಕಣ್ತಪ್ಪಿಸಿಕೊಳ್ಳುತ್ತಾರೆ. ಮನೆಯ ಸುತ್ತ ಕೊಳಗಳೇ ತುಂಬಿರುವ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದೇ ತೊಂದರೆಗೆ ಒಂದು ಸರಳ ಪರಿಹಾರ ಕಂಡುಕೊಂಡಿದ್ದಾರೆ. ಅಲ್ಲಿಯ ಶಿಶುಕೇಂದ್ರಗಳಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 1 ಗಂಟೆಯವರೆಗೆ ಊರಿನ ಒಬ್ಬ ಮಹಿಳೆ 5 ವರ್ಷದೊಳಗಿನ ಮಕ್ಕಳನ್ನು ಒಂದೆಡೆ ನೋಡಿಕೊಳ್ಳುತ್ತಾಳೆ. ಅಲ್ಲಿಗೆ ಹೋಗುವ ಮಕ್ಕಳಲ್ಲಿ ಮುಳುಗುವ ಸಾವುಗಳು ಬಹಳವಾಗಿ ಕಡಿಮೆಯಾಗಿವೆ. ನಮ್ಮ ಊರುಗಳಲ್ಲಿ ಅಂಗನವಾಡಿ ಇದೆ. ಮಗುವನ್ನು ತಪ್ಪದೆ ಕಳುಹಿಸುವುದೂ ಒಂದು ರಕ್ಷಣೆಯೇ. ರಜೆಯ ದಿನಗಳಲ್ಲಿ ನಾಲ್ಕು ಮನೆಯವರು ಸರದಿಯಂತೆ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿಕೊಳ್ಳಬಹುದು. ಐದು ವರ್ಷದ ಮಗುವನ್ನು ಏಳು ವರ್ಷದ ಅಕ್ಕನ ವಶಕ್ಕೆ ಬಿಡುವುದು ನಿಗಾ ಎನಿಸುವುದಿಲ್ಲ.

ಮಕ್ಕಳಿಗೆ ಆರೇಳು ವರ್ಷವಾದ ಮೇಲೆ ಬಲ್ಲವರಿಂದ ಈಜು ಕಲಿಸಬೇಕು. ಆದರೆ ಕಲಿಯುವ ಜಾಗ ಮೆಟ್ಟಿಲಿರುವ, ಆಳ ಗೊತ್ತಿರುವ ಕೊಳವಾಗಿರಬೇಕು. ಕೃಷಿಹೊಂಡ ಈಜು ಕಲಿಯುವ ಜಾಗವಲ್ಲ.

ಯಾರಾದರೂ ಬಿದ್ದಾಗ

ಮೊದಲ ನಿಯಮ: ನೀರಿಗೆ ಹಾರಬೇಡಿ. ಮುಳುಗುತ್ತಿರುವವರು ಸಿಕ್ಕಿದ್ದನ್ನು ಅಪ್ಪಿ ಹಿಡಿಯುತ್ತಾರೆ, ಇಬ್ಬರೂ ಮುಳುಗುತ್ತೀರಿ. ಜನರನ್ನು ಕೂಗಿ ಕರೆದು, ದಡದಲ್ಲಿ ಮಲಗಿ ಬಿದಿರಿನ ಗಳವನ್ನು ಚಾಚಿ, ಇಲ್ಲವೆ ಹಗ್ಗ ಕಟ್ಟಿದ ಟ್ಯೂಬನ್ನು ಎಸೆಯಿರಿ. ಏನೂ ಇಲ್ಲದಿದ್ದರೆ ಎರಡು ಸೀರೆ ಅಥವಾ ಪಂಚೆಗಳನ್ನು ಬಿಗಿಯಾಗಿ ಗಂಟು ಹಾಕಿ ಎಸೆಯಬಹುದು. ಇಳಿಯಲೇಬೇಕಾದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಮೇಲಿನವರ ಕೈಗೆ ಕೊಟ್ಟು ಇಳಿಯಬೇಕು.

ಮೇಲೆ ತಂದ ಮೇಲೆ ಪ್ರತಿ ನಿಮಿಷವೂ ಅಮೂಲ್ಯ. ಉಸಿರು ನಿಂತ ನಾಲ್ಕಾರು ನಿಮಿಷಗಳಲ್ಲೇ ಮಿದುಳಿಗೆ ಹಾನಿ ಆರಂಭವಾಗುತ್ತದೆ.

1. ಒಬ್ಬರು 108ಕ್ಕೆ ಫೋನು ಮಾಡಲಿ. ಇನ್ನೊಬ್ಬರು ಕೂಡಲೇ ಚಿಕಿತ್ಸೆ ಆರಂಭಿಸಲಿ.

2. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಹಣೆಯ ಮೇಲೆ ಕೈಯಿಟ್ಟು ಗಲ್ಲವನ್ನು ಮೇಲಕ್ಕೆತ್ತಿ ಉಸಿರಿದೆಯೇ ನೋಡಿ.

3. ಉಸಿರಿಲ್ಲದಿದ್ದರೆ ಮೂಗನ್ನು ಹಿಡಿದು, ಬಾಯಿಗೆ ಬಾಯಿಟ್ಟು, ಎದೆ ಏಳುವಂತೆ ಎರಡರಿಂದ ಐದು ಬಾರಿ ಉಸಿರು ಊದಿ.

4. ಅನಂತರ ಎದೆಯ ನಡುಭಾಗವನ್ನು 30 ಸಲ ಒತ್ತಿ. ನಿಮಿಷಕ್ಕೆ 100ರಿಂದ 120ರ ವೇಗವಿರಲಿ. ದೊಡ್ಡವರಿಗೆ 5 ಸೆಂ.ಮೀ.ಗಿಂತ ಕಡಿಮೆಯಾಗದಂತೆ, ಮಕ್ಕಳಿಗೆ ಎದೆಯ ಮೂರನೇ ಒಂದು ಭಾಗದಷ್ಟು ಒತ್ತಬೇಕು. 30 ಒತ್ತಿಗೆ 2 ಉಸಿರಿನಂತೆ, ಉಸಿರು ಮರಳುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸದೆ ಮುಂದುವರಿಸಿ.

5. ಉಸಿರು ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಒಯ್ಯಲೇಬೇಕು.

ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸುವುದು, ತಲೆಯ ಮೇಲೆ ಹೊತ್ತು ಗಿರಗಿರನೆ ತಿರುಗಿಸುವುದು ಇವುಗಳಿಂದ ಉಪಯೋಗವಿಲ್ಲ. ಕಕ್ಕಿದ್ದು ಶ್ವಾಸಕೋಶಕ್ಕೆ ಇಳಿದು ಕೇಡೇ ಆಗುತ್ತದೆ. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆಂಬ ಸುಳ್ಳು ಮಾತು ಮೊಬೈಲುಗಳ ಮೂಲಕ ಹರಡಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೆತ್ತವರು ಈ ಮಾತು ನಂಬಿ ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದರು. ಮಕ್ಕಳು ಉಳಿಯಲಿಲ್ಲ. ಉಪ್ಪಿಗೆ ಉಸಿರು ತರುವ ಗುಣವಿಲ್ಲ. ಹೆತ್ತವರ ಸಂಕಟ ಎಲ್ಲರಿಗೂ ಅರ್ಥವಾಗುವಂಥದೇ; ಆದರೆ ಉಪ್ಪು ತರಲು ಓಡುವ ಹೊತ್ತನ್ನು ಎದೆ ಒತ್ತಿ ಉಸಿರು ಊದಲು ಬಳಸಿದರೆ ಒಂದು ಜೀವ ಉಳಿಯುವ ಸಾಧ್ಯತೆಯಾದರೂ ಇದೆ. ಈ ವಿಧಾನವನ್ನು ಆರೋಗ್ಯ ಕೇಂದ್ರದವರಿಂದ ಮನೆಯಲ್ಲಿ ಇಬ್ಬರಾದರೂ ಕಲಿತಿರಬೇಕು.

ನೆನಪಿಡಬೇಕಾದ ಅಂಶಗಳು

• ಹೊಂಡದ ನಾಲ್ಕೂ ಕಡೆ ಜಾಲರಿ ಬೇಲಿ, ತಾನಾಗಿ ಮುಚ್ಚುವ ಒಂದೇ ಬಾಗಿಲು, ಎತ್ತರದಲ್ಲಿ ಚಿಲಕ.
• ಪ್ರತಿ ಬದಿಗೂ ತಳ ಮುಟ್ಟುವ ಗಂಟಿನ ಹಗ್ಗ. ಒಂದು ಮೂಲೆಯಲ್ಲಿ ಟೈರಿನ ಏಣಿ ಮತ್ತು ನಾರಿನ ಚಾಪೆ.
• ಬೇಲಿಯ ಬಳಿ ಹಗ್ಗ ಕಟ್ಟಿದ ಟ್ಯೂಬು ಮತ್ತು ಬಿದಿರಿನ ಗಳ.
• ಬಾವಿಗೆ ಕಟ್ಟೆ ಮತ್ತು ಜಾಲರಿ. ಸಂಪಿಗೆ ಬೀಗವಿರುವ ಮುಚ್ಚಳ. ಬಳಸಿದ ಬಕೆಟ್ಟು ಬೋರಲು.
• ದನಗಳಿಗೆ ಬೇಲಿಯ ಹೊರಗೆ ಪ್ರತ್ಯೇಕ ತೊಟ್ಟಿ.
• ಆಗಸ್ಟ್ ಮತ್ತು ಮಾರ್ಚ್ ತಿಂಗಳಲ್ಲಿ ಎಲ್ಲದರ ಪರೀಕ್ಷೆ.
• ರಜೆಗೆ ಬಂದ ನೆಂಟರ ಮಕ್ಕಳಿಗೆ ಮೊದಲ ದಿನವೇ ತಿಳುವಳಿಕೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಒಂದು ಮಗು ಹೋದ ಮೇಲೆ ಹಾಕುವ ಬೇಲಿಯೂ ಅಂಥದೇ. ಹೊಂಡದ ನೀರಿನಿಂದ ಒಂದು ಬೆಳೆ ಉಳಿಯಬಹುದು. ಆ ಬೆಳೆ ಉಣ್ಣಬೇಕಾದವರೂ ಉಳಿಯಬೇಕಲ್ಲವೇ? ರೈತ ಬಾಂಧವರು ಈ ಹಂಗಾಮಿನಲ್ಲಿಯೇ ತಮ್ಮ ಹೊಂಡ, ಬಾವಿ, ಸಂಪುಗಳನ್ನು ಒಮ್ಮೆ ಸುತ್ತಿ ನೋಡಿ, ಕೊರತೆಯಿದ್ದುದನ್ನು ಸರಿಪಡಿಸಿಕೊಳ್ಳಬೇಕು. ಬೇಲಿಯ ಸಹಾಯಧನ ಮತ್ತು ತಾಂತ್ರಿಕ ಸಲಹೆಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.